ಉಬಿನ್ ದ್ವೀಪದ ರೆಡ್‌ವುಡ್

ಹೋದ ತಿಂಗಳು ಒಂದು ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆಂದು ಕೆಳಗಿಳಿದಾಗ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಸಿಂಗಪುರದ ಬೆಡೋಕ್‌ನ ಈ ಬಹುಮಹಡಿ ಕಟ್ಟಡಗಳ ಕೆಳಗೆ ಮನೆಗಳಿಲ್ಲದೆ ಖಾಲಿ ಬಿಟ್ಟ ಜಾಗ ಅದು. ಮದುವೆ ನಡೆಯುವುದೂ ಅಲ್ಲೇ, ಸತ್ತವರನ್ನು ಮಲಗಿಸಿ ಕಾಯುವುದೂ ಅಲ್ಲೇ. ಈ ಸಲದ್ದು ಯಾವುದೆಂದು ನಾನು ನೋಡಲಿಲ್ಲ. ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಕೆಲಸದವರು ಒದ್ದೆ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ ಮಡಿಸುತ್ತಿದ್ದರು. ಪ್ರತಿ ಮಡಿಕೆಗೂ ಒಳಗಿಂದ ಒಂದು ಮುಗ್ಗಲು ಗಾಳಿ ಉಸ್ಸೆಂದು ಹೊರಬರುತ್ತಿತ್ತು. ಒದ್ದೆ ಹಗ್ಗ, ರಬ್ಬರು, ಮಣ್ಣು, ಒಣಗದ ಬಟ್ಟೆ ಎಲ್ಲ ಸೇರಿದಂಥ ವಾಸನೆ. ಬೇರೆಯವರು ಮೂಗು ಮುಚ್ಚಿಕೊಂಡು ದಾಟಿದರು. ನಾನು ಮಾತ್ರ ಚೀಲ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ.

ಇದೇ ವಾಸನೆಯ ಒಂದು ಟೆಂಟು ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ ಒಂದು ವರ್ಷ ಕೂತಿತ್ತು. ಅದು ನಮ್ಮದಲ್ಲ. ನಮ್ಮ ಸಾಲಿನಲ್ಲೇ ಎರಡು ಬಾಗಿಲು ಆಚೆ ಇದ್ದ ಸುದರ್ಶನ್ ಅವರದು.

ಸುದರ್ಶನ್ ಮತ್ತು ಮಂಗಳಾ ಎಂಟು ವರ್ಷಗಳ ಹಿಂದೆ ನಮ್ಮ ನೆರೆಯವರು. ಮೈಸೂರಿನವರು. ಕಾರಿಡಾರಿನಲ್ಲಿ ಒಣಹಾಕಿದ್ದ ಸಂಡಿಗೆ ನೋಡಿ ನಾನು ಅವರನ್ನು ಪತ್ತೆ ಮಾಡಿದೆ. ಮಂಗಳಾ ಮಿತಭಾಷಿ. ನಾಲ್ಕು ಪ್ರಶ್ನೆ ಕೇಳಿದರೆ ಒಂದು ಉತ್ತರ, ಅದೂ ಆ ನಾಲ್ಕರಲ್ಲಿ ಯಾವುದಕ್ಕೆ ಎಂದು ನಾವೇ ಊಹಿಸಿಕೊಳ್ಳಬೇಕು. ಸುದರ್ಶನ್ ಅದಕ್ಕೆ ತದ್ವಿರುದ್ಧ. ಅವರ ಆಫೀಸು ಜುರಾಂಗ್ ಈಸ್ಟ್‌ನಲ್ಲಿ. ಅಂದರೆ ಸಿಂಗಪುರದ ಪೂರ್ವದ ತುದಿಯಿಂದ ಪಶ್ಚಿಮದ ಕಡೆಗೆ ದಿನವೂ ರೈಲು. "ಬೆಳಿಗ್ಗೆ ತಿಂಡಿ ತಿಂದು ಒಂದು ಇಡೀ ದೇಶ ದಾಟಿ ಆಫೀಸಿಗೆ ಹೋಗೋನು ನಾನೊಬ್ಬನೇ ಕಣ್ರೀ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಅವರ ಮಗಳು ನಿಧಿಗೆ ಆಗ ಆರು ವರ್ಷ. ಅವಳು ಕನ್ನಡದ ಯಾವ ವಾಕ್ಯಕ್ಕಾದರೂ ಕೊನೆಯಲ್ಲಿ ಒಂದು 'ಲಾ' ಅಂಟಿಸಿ ಸಿಂಗಪುರದ್ದನ್ನಾಗಿ ಮಾಡಿಬಿಡುತ್ತಿದ್ದಳು. "ಊಟ ಬೇಡ ಲಾ" ಎಂದರೆ ಅವಳಜ್ಜಿ ಫೋನಿನಲ್ಲಿ, "ಲಾ ಅಂದ್ರೇನೇ? ಲಾಡು ಬೇಕಾ?" ಎಂದು ಕೇಳಿದ್ದರಂತೆ.

ಸುದರ್ಶನ್ ಅವರ ಬಳಿ ಒಂದು ಕಥೆ ಇತ್ತು. ನಮ್ಮ ಕನ್ನಡ ಬಳಗದ ಪ್ರತಿ ಊಟದಲ್ಲೂ, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ, ಅದು ಹೊರಗೆ ಬರುತ್ತಿತ್ತು. ಮದುವೆಗೆ ಮುಂಚೆ ಕಂಪನಿ ಅವರನ್ನು ತರಬೇತಿಗೆಂದು ಕ್ಯಾಲಿಫೋರ್ನಿಯಾಕ್ಕೆ ಕಳಿಸಿತ್ತು. ಒಂದು ವಾರಾಂತ್ಯ ಗೆಳೆಯರ ಜೊತೆ ಉತ್ತರದ ಕಡೆಗೆ ಕಾರು ಓಡಿಸಿಕೊಂಡು ಹೋಗಿ, ರೆಡ್‌ವುಡ್ ಮರಗಳ ಹಳೆಯ ಕಾಡಿನ ನಡುವೆ ಒಂದು ಪುಟ್ಟ ಕ್ಯಾಂಪ್‌ಗ್ರೌಂಡಿನಲ್ಲಿ ಇಳಿದುಕೊಂಡಿದ್ದರು. ನಲ್ಲಿ ಇಲ್ಲ, ದೀಪ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಟೆಂಟು ಹಾಕಲು ಸಮ ಮಾಡಿದ ಒಂದಿಷ್ಟು ನೆಲ, ಒಂದು ಮರದ ಮೇಜು, ದೂರದಲ್ಲಿ ನೆಲಕ್ಕೆ ಗುಂಡಿ ತೋಡಿದ ಒಂದು ಶೌಚಾಲಯ, ಅಷ್ಟೆ. "ಮರ ಅಂದ್ರೆ ಮರ ಅಲ್ಲ ಕಣ್ರೀ. ನಮ್ಮ ಬ್ಲಾಕ್ ಇದೆಯಲ್ಲ, ಹಂಗೆ ನಿಂತಿರುತ್ತೆ. ಕತ್ತೆತ್ತಿ ನೋಡಿದ್ರೆ ತುದಿ ಕಾಣಲ್ಲ, ಕುತ್ತಿಗೆ ನೋವು ಬರುತ್ತೆ. ನಾವು ರಾಜರು, ಯುದ್ಧಗಳು ಅಂತೆಲ್ಲ ಇಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಆಗ್ಲೇ ಅದು ಅಲ್ಲಿ ನಿಂತಿತ್ತು." ಯಾವುದೋ ಕಾಲದಲ್ಲಿ ಬೆಂಕಿ ಬಿದ್ದು ಒಂದು ಮರದ ಬುಡ ಪೊಟರೆಯಾಗಿತ್ತಂತೆ. ಮಳೆ ಬಂದಾಗ ಸುದರ್ಶನ್ ಅದರೊಳಗೆ ಹೋಗಿ ಕೂತಿದ್ದರಂತೆ. ಹೊರಗೆ ಮಳೆ ನಿಂತ ಮೇಲೆ ಕಾಡಿನೊಳಗೆ ಮಳೆ ಶುರುವಾಯಿತಂತೆ. ಮೇಲಿನ ಕೊಂಬೆಗಳಲ್ಲಿ ಸಿಕ್ಕಿಕೊಂಡ ನೀರು ಕೆಳಗೆ ಇಳಿದು ಬರಲು ಅಷ್ಟು ಹೊತ್ತು ಬೇಕು.

ಈ ಕಥೆ ಎಷ್ಟು ಸಲ ಕೇಳಿದ್ದೆವೋ. ನನ್ನವರು ಒಮ್ಮೆ, "ಸುದರ್ಶನ್, ಈ ಸಲ ಮರ ಇನ್ನೂ ಸ್ವಲ್ಪ ಬೆಳೆದಿದೆ" ಎಂದರು. ಎಲ್ಲರೂ ನಕ್ಕರು, ಮಂಗಳಾ ನೆಲ ನೋಡಿದಳು. ನನ್ನವರ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವರು ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾರೆ, ತಲೆ ಚುರುಕು, ಹೃದಯ ಒಳ್ಳೆಯದು. ಆದರೆ ತಲೆ ಮತ್ತು ಬಾಯಿಯ ನಡುವೆ ದೇವರು ಬಾಗಿಲಿಡುವುದನ್ನು ಮರೆತಿದ್ದಾನೆ. ಒಂದು ನಾಮಕರಣದಲ್ಲಿ ತೊಟ್ಟಿಲು ಬಗ್ಗಿ ನೋಡಿ, "ಥೇಟ್ ಇವರ ಮಾವನೇ, ಅದೇ ಬೋಳು" ಎಂದವರು. ಮಾವ ಪಕ್ಕದಲ್ಲೇ ನಿಂತಿದ್ದರು.

ಕಥೆಯನ್ನು ಬೇಸರವಿಲ್ಲದೆ ಕೇಳುತ್ತಿದ್ದವಳು ನಿಧಿ ಒಬ್ಬಳೇ. ಒಂದು ಪದ ಬಿಟ್ಟರೂ ತಿದ್ದುತ್ತಿದ್ದಳು. ಆ ವರ್ಷ ಜೂನ್ ರಜೆಗೆ ಅವಳನ್ನೂ ಮಂಗಳಾಳನ್ನೂ ಅಲ್ಲಿಗೇ ಕರೆದುಕೊಂಡು ಹೋಗುವುದೆಂದು ಸುದರ್ಶನ್ ನಿರ್ಧರಿಸಿದರು. ಅದೇ ಕ್ಯಾಂಪ್‌ಗ್ರೌಂಡು ಬುಕ್ ಆಯಿತು. ಅಲ್ಲಿನ ಚಳಿಗೆಂದು ದಪ್ಪ ಕ್ಯಾನ್ವಾಸಿನ ಟೆಂಟು ಬಂತು. ಅದನ್ನು ಸಿಂಗಪುರದಲ್ಲಿ ಬಿಚ್ಚಿದರೆ ಒಳಗೆ ಇಡ್ಲಿ ಬೇಯಿಸಬಹುದು. ಆದರೂ ಅಪ್ಪ ಮಗಳು ಪ್ರತಿ ಶನಿವಾರ ಸೋಫಾ ಸರಿಸಿ ಹಾಲ್‌ನಲ್ಲಿ ಟೆಂಟು ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದರು. ಸಕ್ಕರೆ ಕೇಳಲು ಹೋದಾಗ ನಾನೂ ಒಮ್ಮೆ ಒಳಗೆ ತೂರಿ ಕೂತು ಬೆವರಿ ಬಂದಿದ್ದೇನೆ.

ಮಾರ್ಚ್ ತಿಂಗಳಲ್ಲಿ ಸುದರ್ಶನ್ ತೀರಿಕೊಂಡರು. ಎಂದಿನಂತೆ ದೇಶ ದಾಟಿ ಜುರಾಂಗ್ ಈಸ್ಟ್‌ನಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತ ಕುಸಿದರಂತೆ. ಯಾರೋ ಅಪರಿಚಿತರು ಅವರ ಎದೆ ಒತ್ತಿದರಂತೆ, ಇನ್ಯಾರೋ ಅವರ ಫೋನಿನಿಂದಲೇ ಮಂಗಳಾಗೆ ಕರೆ ಮಾಡಿದರು. ಹೃದಯ. ನಲವತ್ತೂ ಆಗಿರಲಿಲ್ಲ.

ಇಲ್ಲಿ ಪರದೇಶದ ಒಂದು ಸಂಗತಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಹೆಂಗಸರು ಈ ಊರಿನಲ್ಲಿ ಇರುವುದು ಗಂಡನ ಕೆಲಸದ ಪಾಸಿಗೆ, ಅಂದರೆ ಇಲ್ಲಿರಲು ಸರ್ಕಾರ ಕೊಡುವ ಪರವಾನಗಿಗೆ, ಜೋತುಬಿದ್ದ ಇನ್ನೊಂದು ಪಾಸಿನ ಮೇಲೆ. ಅವರ ಪಾಸು ಹೋದರೆ ನಮ್ಮದೂ ಹೋಗುತ್ತದೆ. ಗೊತ್ತಿದ್ದ ವಿಷಯವೇ. ಆದರೆ ಗೊತ್ತಿರುವುದಕ್ಕೂ ಕಣ್ಣೆದುರು ಆಗುವುದಕ್ಕೂ ಎಷ್ಟು ದೂರ! ಮಂಗಳಾ ಮತ್ತು ನಿಧಿ ಇಲ್ಲಿರಬಹುದಾದದ್ದು ಇನ್ನು ಕೆಲವೇ ವಾರ. ಪಾಸಿನ ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು ಒಳ್ಳೆಯವಳು, ತಗ್ಗಿದ ದನಿಯಲ್ಲೇ ಮಾತಾಡಿದಳು, ಶಾಲೆಯ ಟರ್ಮು ಮುಗಿಯುವಷ್ಟು ಅವಧಿ ಕೊಡಿಸಿದಳು. ಅದಕ್ಕಿಂತ ಹೆಚ್ಚು ಅವಳ ಕೈಯಲ್ಲೂ ಇರಲಿಲ್ಲ. ಆ ತಿಂಗಳು ನಮ್ಮ ಬಳಗದ ಹೆಂಗಸರೆಲ್ಲ ಪರ್ಸಿನಿಂದ ತಮ್ಮ ತಮ್ಮ ಕಾರ್ಡು ತೆಗೆದು ಒಂದು ಸಲ ನೋಡಿ ಒಳಗಿಟ್ಟುಕೊಂಡರು. ಗಂಡಂದಿರಿಗೆ ಇದ್ದಕ್ಕಿದ್ದಂತೆ ಉಪ್ಪು, ಎಣ್ಣೆ ಕಡಿಮೆಯಾಯಿತು.

ಮಂಗಳಾ ಅಳಲಿಲ್ಲ. ಮಂಡಾಯಿಯ ಚಿತಾಗಾರದಲ್ಲಿಯೂ ಅಳಲಿಲ್ಲ. ಅವಳಿಗೆ ಕೆಲಸಗಳಿದ್ದವು. ಶಾಲೆಯಿಂದ ಮಗಳ ಹೆಸರು ತೆಗೆಸಬೇಕು, ಮನೆ ಖಾಲಿ ಮಾಡಬೇಕು. ಸಾಮಾನುಗಳು ಒಂದೊಂದಾಗಿ ಲಿಫ್ಟಿನಲ್ಲಿ ಇಳಿದು ಹೋದವು. ಮೊದಲು ಮಂಚ, ಆಮೇಲೆ ಸೋಫಾ, ಆಮೇಲೆ ಸುದರ್ಶನ್ ಅವರ ಶರ್ಟುಗಳು. ಉಳಿದದ್ದು ಟೆಂಟು.

"ಇದನ್ನ ಯಾರಿಗಾದ್ರೂ ಕೊಟ್ಬಿಡಿ ರೀ" ಎಂದು ಅವಳು ಅದನ್ನು ನಮ್ಮ ಬಾಗಿಲಿಗೆ ಎಳೆದು ತಂದಾಗ ಹಿಂದೆಯೇ ನಿಧಿ ಓಡಿಬಂದು ಅದರ ಮೇಲೆ ಕೂತುಬಿಟ್ಟಳು.

"ಕ್ಯಾನಾಟ್! ಅಪ್ಪ ಪ್ರಾಮಿಸ್ ಮಾಡಿದಾರೆ. ಜೂನ್ ಹಾಲಿಡೇಸ್‌ಗೆ ಕ್ಯಾಂಪ್ ಹೋಗೋದು."

"ಹೋಗೋಕಾಗಲ್ಲ ಪುಟ್ಟಿ."

"ಬಟ್ ಬುಕ್ ಮಾಡಿ ಆಯ್ತಲ್ಲಾ."

ಮಂಗಳಾ ನನ್ನ ಮುಖ ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆಯಲಾಗದು. ಇಷ್ಟು ದಿನ ಎಲ್ಲವನ್ನೂ ಒಬ್ಬಳೇ ಮಾಡಿದವಳು ಮೊದಲ ಸಲ, ನೀವೇ ಏನಾದರೂ ಹೇಳಿ ಎಂದು ಕಣ್ಣಲ್ಲೇ ಕೇಳಿದಳು. ನಾನು ಏನು ಹೇಳುತ್ತಿದ್ದೇನೆಂದು ಯೋಚಿಸದೆ, "ಇಲ್ಲೇ ಪುಲಾವ್ ಉಬಿನ್‌ಗೆ ಹೋಗಿ ಬರೋಣ ಬಿಡು. ಅಲ್ಲೂ ಕಾಡಿದೆ" ಎಂದೆ. ನಾನು! ಮನೆಯೊಳಗೆ ಜಿರಳೆ ಕಂಡರೆ ಮಂಚ ಹತ್ತುವವಳು.

ಉಬಿನ್ ಚಾಂಗಿ ಜೆಟ್ಟಿಯಿಂದ ದೋಣಿಯಲ್ಲಿ ಹತ್ತು ನಿಮಿಷದ ದಾರಿ. ಸಿಂಗಪುರ ತನ್ನ ಹಳೆಯ ಮುಖವನ್ನು ತೆಗೆದಿಟ್ಟಿರುವ ದ್ವೀಪ ಅದು. ಹಿಂದೆ ಕಲ್ಲುಗಣಿ, ರಬ್ಬರು ತೋಟಗಳಿದ್ದವು. ಈಗ ಕೆಲವೇ ಮನೆಗಳು, ಬಾಡಿಗೆ ಸೈಕಲ್ಲುಗಳು, ಉಳಿದದ್ದೆಲ್ಲ ಕಾಡು ಮತ್ತೆ ವಾಪಸು ತೆಗೆದುಕೊಂಡ ಜಾಗ. ನನ್ನವರಿಗೆ ರಜೆ ಸಿಗಲಿಲ್ಲ. ಟೆಂಟನ್ನು ಹೆಗಲ ಮೇಲೆ ಹೊತ್ತು ಜೆಟ್ಟಿಯವರೆಗೆ ತಂದುಕೊಟ್ಟು, ಯಾವತ್ತೂ ಇಲ್ಲದ್ದು, ಏನೂ ಮಾತಾಡದೆ ನಿಂತರು. ದೋಣಿ ಬಿಟ್ಟಾಗ, "ಹುಷಾರು, ಅಲ್ಲಿ ಹಾವಿರುತ್ತೆ" ಎಂದು ಕೂಗಿದರು.

ಒಂದು ಲಟಾರಿ ವ್ಯಾನು ನಮ್ಮನ್ನು ದ್ವೀಪದ ಉತ್ತರದ ಅಂಚಿಗೆ ತಂದು ಇಳಿಸಿತು. ಎದುರಿಗೆ ಕಿರಿದಾದ ಸಮುದ್ರ, ಅದರಾಚೆ ಮಲೇಶಿಯಾದ ಮಸುಕು ತೀರ, ಹಿಂದೆ ಹಳೆಯ ರಬ್ಬರು ಮರಗಳು ಮತ್ತು ನನಗೆ ಹೆಸರು ಗೊತ್ತಿಲ್ಲದ ದೈತ್ಯರು. ಸಮ ಮಾಡಿದ ಒಂದಿಷ್ಟು ನೆಲ, ಒಂದು ಮರದ ಮೇಜು. ನಲ್ಲಿ ಇಲ್ಲ, ದೀಪ ಇಲ್ಲ. ನಮ್ಮ ಮೂವರ ಹೊರತು ಯಾರೂ ಇರಲಿಲ್ಲ. ನಿಧಿ ಸುತ್ತ ನೋಡಿ, "ಸೇಮ್ ಸೇಮ್" ಎಂದಳು. ಅವಳಪ್ಪ ಹೇಳಿದ ಹಾಗೆಯೇ ಇದೆ ಎಂದು.

ನನ್ನ ಚೀಲದಲ್ಲಿ ಏನಿತ್ತು ಕೇಳಿ. ಮನೆಯ ದಿಂಬು, ಸೊಳ್ಳೆಬತ್ತಿ, ತೋಟದ ಕೈಗವಸು, ಹಾವಿಗೆಂದು ಬೆಳ್ಳುಳ್ಳಿ ಅರೆದ ನೀರು. ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಬೇಡಿ. ಮಂಗಳಾ ತಂದದ್ದು ಪುಳಿಯೋಗರೆ, ಮೊಸರನ್ನ, ಒಂದು ಪುಟ್ಟ ಸ್ಟವ್. ಅವಳು ಸುದರ್ಶನ್ ಅವರ ಟ್ರ್ಯಾಕ್ ಪ್ಯಾಂಟನ್ನು ಕಾಲ ಬಳಿ ಮಡಿಸಿ ಹಾಕಿಕೊಂಡಿದ್ದಳು. ಅದೊಂದನ್ನು ಯಾರಿಗೂ ಕೊಟ್ಟಿರಲಿಲ್ಲ.

ಟೆಂಟು ಕಟ್ಟಲು ನಮಗಿಬ್ಬರಿಗೂ ಬರದು. ಕಟ್ಟಿಸಿದವಳು ನಿಧಿ. "ಫಸ್ಟ್ ಈ ಕಡ್ಡಿ ಅಮ್ಮ. ನಾಟ್ ದಟ್ ಒನ್ ಲಾ! ಅಪ್ಪ ಇದನ್ನ ಕಾಲಲ್ಲಿ ಒತ್ತಿ ಹಿಡ್ಕೋತಾರೆ." 'ಹಿಡ್ಕೋತಾರೆ' ಎಂದಳು, 'ಹಿಡ್ಕೋತಿದ್ರು' ಎನ್ನಲಿಲ್ಲ. ಮಗು, ಕಾಲಗಳನ್ನು ಬೆರೆಸುತ್ತದೆ ಎಂದುಕೊಂಡೆ.

ಟೆಂಟು ನಿಂತ ಮೇಲೆ ನಾವು ಸಮುದ್ರ ನೋಡುತ್ತ ಕೂತಿದ್ದಾಗ ಒಂದು ಕಾಡುಹಂದಿ ಎರಡು ಮರಿಗಳೊಂದಿಗೆ ಸಾವಕಾಶವಾಗಿ ನಡೆದು ಬಂದು ಮೇಜಿನ ಕೆಳಗಿದ್ದ ಚೀಲ ಹರಿದು ಪುಳಿಯೋಗರೆಯನ್ನು ಸಂಸಾರ ಸಮೇತ ಉಂಡಿತು. ನಾನು ಮೇಜಿನ ಮೇಲೆ ಹತ್ತಿ ನಿಂತು ಕೈಗವಸು ಬೀಸುತ್ತ "ಶೂ, ಶೂ" ಎನ್ನುತ್ತಿದ್ದೆ. ಹಂದಿ ತಲೆಯೆತ್ತಿ ಒಂದು ಸಲ ನೋಡಿ ಮತ್ತೆ ಊಟಕ್ಕೆ ತೊಡಗಿತು. ನಿಧಿ ಬಿದ್ದು ಬಿದ್ದು ನಕ್ಕಳು. ಆ ಮಗು ನಕ್ಕದ್ದು ಮಾರ್ಚಿನಿಂದೀಚೆಗೆ ಅದೇ ಮೊದಲು. ಮಂಗಳಾ ನಗಲಿಲ್ಲ, ಮಗಳ ನಗುವನ್ನೇ ನೋಡುತ್ತ, ಯಾರದೋ ದನಿ ಕೇಳಿದವಳ ಹಾಗೆ ಸ್ತಬ್ಧವಾಗಿ ನಿಂತಿದ್ದಳು. ನಗುವಾಗ ನಿಧಿ ಥೇಟ್ ಸುದರ್ಶನ್.

ಸಂಜೆಗೆ ಮೋಡ ಕವಿಯಿತು. ಉಳಿದ ಮೊಸರನ್ನದ ಜೊತೆಗೆ ಬಿಸಿಯಾಗಿ ಏನಾದರೂ ಇರಲಿ ಎಂದು ನಾನೂ ಮಂಗಳಾಳೂ ಸ್ಟವ್ ಹಚ್ಚಲು ಒದ್ದಾಡುತ್ತಿದ್ದೆವು. ಗಾಳಿಗೆ ಕಡ್ಡಿಗಳೆಲ್ಲ ಆರುತ್ತಿದ್ದವು. ಕೊನೆಗೆ ಜ್ವಾಲೆ ಹತ್ತಿಕೊಂಡಿತು. "ನಿಧಿ, ಬಾ, ನೋಡು" ಎಂದು ಮಂಗಳಾ ತಿರುಗಿದಳು. ನಿಧಿ ಇರಲಿಲ್ಲ.

ಟೆಂಟಿನೊಳಗೆ ಇರಲಿಲ್ಲ. ಮೇಜಿನ ಹಿಂದೆ ಇರಲಿಲ್ಲ. ಮಂಗಳಾ ನೀರಿನ ಅಂಚಿಗೆ ಓಡಿದಳು, ಅಲ್ಲಿಂದ ಓಡಿ ಬಂದಳು. ನಾನು ರಬ್ಬರು ಮರಗಳ ನಡುವೆ ಕೂಗುತ್ತ ಹೋದೆ. ಆ ಬೆಳಕು ನಿಮಗೆ ಗೊತ್ತಿರಬೇಕು, ಮಳೆಗೆ ಮುಂಚಿನ ಸಂಜೆ, ಎಲ್ಲವೂ ಹಳದಿಯಾಗಿ, ಮರಗಳು ಒಂದು ಹೆಜ್ಜೆ ಹತ್ತಿರ ಬಂದು ನಿಂತ ಹಾಗೆ ಕಾಣುವ ಬೆಳಕು. ಆಗ ಹಿಂದಿನಿಂದ ಮಂಗಳಾಳ ಕೂಗು ಕೇಳಿಸಿತು.

"ರೀ! ರೀ, ನಿಧಿ ಕಾಣ್ತಿಲ್ಲ ರೀ! ಬನ್ನಿ ರೀ!"

ಅದು ನನ್ನನ್ನು ಕರೆದದ್ದಲ್ಲ. ಅವಳು ಟೆಂಟಿನ ಕಡೆಗೆ ತಿರುಗಿ ಕೂಗುತ್ತಿದ್ದಳು. ಏಳೆಂಟು ವರ್ಷ ಯಾವ ಕಷ್ಟ ಬಂದರೂ ಯಾರನ್ನು ಕರೆಯುತ್ತಿದ್ದಳೋ ಅವರನ್ನು ಕರೆಯುತ್ತಿದ್ದಳು. ಕೂಗಿ, ಕ್ಷಣ ಕಾದು, ಆಮೇಲೆ ಅವಳಿಗೇ ಅದು ತಿಳಿಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾನು ಅವಳ ಮುಖದಿಂದ ಕಣ್ಣು ತೆಗೆದೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಚಪ್ಪಲಿ. ಟೆಂಟಿನ ಹಿಂದೆ ಕಾಲುದಾರಿ ತಿರುಗುವಲ್ಲಿ ಒಂದು ಭಾರಿ ಮರವಿತ್ತು, ಆಲದ ಜಾತಿಯದು. ಯಾವುದೋ ಕಾಲದಲ್ಲಿ ಇನ್ನೊಂದು ಮರವನ್ನು ಅಪ್ಪಿಕೊಂಡು ಬೆಳೆದಿರಬೇಕು. ಒಳಗಿನ ಮರ ಸತ್ತು, ಕೊಳೆತು, ಇಲ್ಲವಾಗಿ, ಹೊರಗಿನ ಬೇರುಗಳು ಮಾತ್ರ ಗೋಡೆಯ ಹಾಗೆ ಹೆಣೆದುಕೊಂಡು ನಿಂತಿದ್ದವು. ನಡುವೆ ಒಬ್ಬರು ಕೂರುವಷ್ಟು ಟೊಳ್ಳು. ಅದರ ಮುಂದೆ ನಿಧಿಯ ಚಪ್ಪಲಿಗಳು, ಮನೆಯ ಬಾಗಿಲಲ್ಲಿ ಬಿಡುವ ಹಾಗೆ, ಜೋಡಿಸಿಟ್ಟಿದ್ದವು.

ಒಳಗೆ ಅವಳು ಮಂಡಿಗೆ ಗಲ್ಲ ಊರಿ ಕೂತಿದ್ದಳು. ನನ್ನ ಕೂಗಿಗೆ ಮಂಗಳಾ ಓಡಿಬಂದಳು. ಅಷ್ಟರಲ್ಲಿ ದಪ್ಪ ದಪ್ಪ ಹನಿ ಶುರುವಾಯಿತು.

"ಹೊರಗೆ ಬಾ ನಿಧಿ. ಮಳೆ ಬರ್ತಿದೆ."

"ಡೋಂಟ್ ವಾಂಟ್."

"ಯಾಕಮ್ಮಾ?"

"ನಾನು ಇಲ್ಲೇ ಇರ್ತೀನಿ. ಅಪ್ಪ ಬಂದ್ರೆ ಇಲ್ಲಿಗೇ ಬರ್ತಾರೆ. ಕ್ಯಾಂಪ್ ಅಂದ್ರೆ ಅವರಿಗೆ ಗೊತ್ತು. ಮನೆಗೆ ಬಂದ್ರೆ ಏನೂ ಇಲ್ಲ ಅಲ್ವಾ? ನೀನು ಸೋಫಾನೂ ಕೊಟ್ಬಿಟ್ಟೆ. ಬಾಗಿಲು ತೆಗೆದು ನೋಡಿ ರಾಂಗ್ ಹೌಸ್ ಅನ್ಕೊಂಡು ಹೋಗ್ಬಿಡ್ತಾರೆ."

ಅವಳಿಗೆ ಎಲ್ಲರೂ ಏನೇನೋ ಹೇಳಿದ್ದರು. ದೇವರ ಹತ್ತಿರ ಹೋಗಿದ್ದಾರೆ, ನಕ್ಷತ್ರ ಆಗಿದ್ದಾರೆ, ದೂರದ ಊರಿನಲ್ಲಿದ್ದಾರೆ. ಹೋದವರು ಬರುತ್ತಾರೆ ಎಂದು ಆ ಮಗು ಲೆಕ್ಕ ಹಾಕಿದ್ದರಲ್ಲಿ ತಪ್ಪೇನಿತ್ತು?

ಮಂಗಳಾ ಮಳೆಯಲ್ಲೇ ಮಂಡಿಯೂರಿ ಕೂತಳು. "ನಿಧಿ, ಇಲ್ಲಿ ನೋಡು. ಅಪ್ಪ ಬರಲ್ಲ. ಮನೆಗೂ ಬರಲ್ಲ, ಇಲ್ಲಿಗೂ ಬರಲ್ಲ. ನಾವು ಮೈಸೂರಿಗೆ ಹೋದ್ರೆ ಅಲ್ಲಿಗೂ ಬರಲ್ಲ. ಅಪ್ಪ ಸತ್ತು ಹೋದ್ರು ಕಂದಾ."

ಆ ಪದವನ್ನು ಅವಳು ಹೇಳಿದ್ದು ಅದೇ ಮೊದಲು. ನಮ್ಮಲ್ಲಿ ಯಾರೂ ಹೇಳಿರಲಿಲ್ಲ.

ನಿಧಿ ಅಮ್ಮನ ಮುಖ ನೋಡಿದಳು. ಆಮೇಲೆ ಅವಳ ಬಾಯಿ ಸೊಟ್ಟಗಾಯಿತು, ದನಿ ಮಾತ್ರ ಬರಲಿಲ್ಲ. ಮಂಗಳಾ ತಲೆ ಬಗ್ಗಿಸಿ, ಬೇರುಗಳ ನಡುವೆ ಮೈ ತುರುಕಿ, ಹೇಗೋ ಒಳಗೆ ಹೋದಳು. ಮಗಳನ್ನು ತೊಡೆಯ ಮೇಲೆಳೆದುಕೊಂಡು ಹೆಗಲ ಮೇಲಿದ್ದ ಟವೆಲ್ಲನ್ನು ಅವಳ ತಲೆಗೆ ಹೊದಿಸಿದಳು. ಆಗ ಇಬ್ಬರ ದನಿಯೂ ಬಂತು. ಎರಡು ತಿಂಗಳಿಂದ ಅಳದಿದ್ದವಳು ಅತ್ತ ರೀತಿಯನ್ನು ನಾನು ಬರೆಯಲಾರೆ. ಮಳೆ ಜೋರಾಗಿ ಬಂದದ್ದು ಒಳ್ಳೆಯದಾಯಿತು.

ಆ ಟೊಳ್ಳಿನಲ್ಲಿ ಮೂರನೆಯವಳಿಗೆ ಜಾಗವಿರಲಿಲ್ಲ. ನಾನು ಹೊರಗೆ, ಬೇರೊಂದನ್ನು ಹಿಡಿದುಕೊಂಡು, ತೊಪ್ಪೆಯಾಗಿ ನಿಂತಿದ್ದೆ. ಹಾವು, ಜಿಗಣೆ, ಹಂದಿ ಯಾವುದೂ ನೆನಪಾಗಲಿಲ್ಲ. ಒಳಗಿಂದ ಒಂದೊಂದು ಮಾತು ಮಳೆಯ ನಡುವೆ ಕೇಳಿಸುತ್ತಿತ್ತು. "ಗುಡುಗಿಗೆ ಹೆದರ್ಕೋಬೇಡ, ನನ್ನ ಬೆರಳು ಹಿಡ್ಕೋ," ಎನ್ನುತ್ತಿದ್ದಳು ಮಂಗಳಾ. ಎಷ್ಟೋ ಹೊತ್ತಿನ ಮೇಲೆ, "ಅಪ್ಪನ ಕಥೆ ಹೇಳು. ರೆಡ್‌ವುಡ್‌ದು. ನಾನು ಯಾವತ್ತೂ ಸರಿಯಾಗಿ ಕೇಳಿಸ್ಕೊಂಡಿಲ್ಲ" ಎಂದಳು. ನಿಧಿ ಬಿಕ್ಕುತ್ತ ಬಿಕ್ಕುತ್ತ, ಒಂದು ಪದವನ್ನೂ ಬಿಡದೆ, ಹೇಳಿದಳು. ಮಳೆ ನಿಂತಿತು. ನಿಂತ ಮೇಲೂ ಎಲೆಗಳಿಂದ ನಮ್ಮ ಮೇಲೆ ನೀರು ಇಳಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಒದ್ದೆ ಟೆಂಟನ್ನು ಹೇಗೋ ಸುತ್ತಿಕೊಂಡು ಮೊದಲ ದೋಣಿಗೆ ವಾಪಸಾದೆವು. ಅದಾದ ಮರುವಾರ ಅವರು ಹೊರಟರು. ವಿಮಾನ ನಿಲ್ದಾಣದಲ್ಲಿ ನಿಧಿ ನನಗೆ, "ಸೀ ಯೂ ಆಂಟಿ" ಎಂದಳು, ನಾಳೆ ಶಾಲೆ ಮುಗಿಸಿ ಬರುವವಳ ಹಾಗೆ. ಮೈಸೂರಿನಲ್ಲಿ ಮಂಗಳಾ ಅಕ್ಕನ ಮನೆಯ ಮಹಡಿಯಲ್ಲಿ ಉಳಿದಳು, ಒಂದು ಶಾಲೆಯಲ್ಲಿ ಕೆಲಸ ಹಿಡಿದಳು. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ಹಬ್ಬಕ್ಕೊಂದು ಸಂದೇಶ, ಆಮೇಲೆ ಅದೂ ಇಲ್ಲ. ಯಾರ ತಪ್ಪೂ ಅಲ್ಲ. ಮಿತಭಾಷಿಗಳ ಸ್ನೇಹ ಎದುರಿಗಿದ್ದರಷ್ಟೇ ನಡೆಯುತ್ತದೆ. ಟೆಂಟು ಒಣಗಲೇ ಇಲ್ಲ. ಕೊನೆಗೊಂದು ದಿನ ನನ್ನವರು ಅದನ್ನು ಕೆಳಗೆ ಕೊಂಡುಹೋಗಿ ಬಿಸಾಕಿದರು.

ಶಾಮಿಯಾನದ ಮುಂದೆ ನಿಂತ ಆ ಬೆಳಿಗ್ಗೆ ಕೊತ್ತಂಬರಿ ತರದೆ ಮೇಲೆ ಬಂದು ಮಂಗಳಾಗೆ ಫೋನು ಮಾಡಿದೆ. ನಂಬರು ಅದೇ ಇತ್ತು. "ಅಯ್ಯೋ, ನಾನೇ ಮಾಡೋಳಿದ್ದೆ ರೀ" ಎಂದಳು. ಅವಳಣ್ಣ ಮೆಲ್ಬರ್ನ್‌ನಲ್ಲಿದ್ದಾನೆ, ರಜೆಗೆ ಅಲ್ಲಿಗೆ ಹೊರಟಿದ್ದಾರೆ, ದಾರಿಯಲ್ಲಿ ಸಿಂಗಪುರದಲ್ಲಿ ಅರ್ಧ ದಿನ ಸಿಗುತ್ತದೆ. ಊಟಕ್ಕೆ ಬರಲೇಬೇಕು ಎಂದೆ.

ಮೊನ್ನೆ ಭಾನುವಾರ ಬಂದರು. ಮಂಗಳಾಳ ಕೂದಲು ಮುಂದೆ ಬೆಳ್ಳಗಾಗಿದೆ. ನಿಧಿ ನನಗಿಂತ ಎತ್ತರ, ಹದಿನಾಲ್ಕು ವರ್ಷ, ಅಚ್ಚ ಮೈಸೂರಿನ ಕನ್ನಡ. ಆ 'ಲಾ' ಎಲ್ಲಿ ಉದುರಿಹೋಯಿತೋ. ಕಾರಿಡಾರಿನಲ್ಲಿ ತಮ್ಮ ಹಳೆಯ ಬಾಗಿಲನ್ನು ದಾಟಿಯೇ ಬಂದಳು, ತಿರುಗಿಯೂ ನೋಡಲಿಲ್ಲ. ಸಿಂಗಪುರದ್ದೇನು ನೆನಪಿದೆ ಎಂದು ಕೇಳಿದೆ. "ಸ್ವಿಮ್ಮಿಂಗ್ ಪೂಲು, ಮತ್ತೆ ಲಿಫ್ಟಲ್ಲಿ ಒಂದು ಕನ್ನಡಿ. ಅಷ್ಟೇ ಆಂಟಿ" ಎಂದು ನಾಚಿಕೊಂಡಳು. ನನ್ನವರು ಮೊಸರು ತರಲು ಅಂಗಡಿಗೆ ಇಳಿದಿದ್ದರು. ನಾನು ಹುಳಿ ಬಡಿಸುತ್ತಿದ್ದೆ.

"ಅದಕ್ಕಿಂತ ನಂಗೆ ರೆಡ್‌ವುಡ್ಸ್ ಚೆನ್ನಾಗಿ ಜ್ಞಾಪಕ ಇದೆ" ಎಂದಳು ನಿಧಿ. "ಅಪ್ಪ ಕ್ಯಾಂಪಿಂಗ್ ಕರ್ಕೊಂಡು ಹೋಗಿದ್ರಲ್ಲ. ಅಪ್ಪ ಹೋಗೋಕೆ ಸ್ವಲ್ಪ ದಿನ ಮುಂಚೆ. ನಲ್ಲಿ ಇಲ್ಲ, ಲೈಟ್ ಇಲ್ಲ. ಜೋರು ಮಳೆ ಬಂತು. ನಾನೂ ಅಪ್ಪಾನೂ ಒಂದು ಮರದ ಒಳಗೆ ಹೋಗಿ ಕೂತ್ಕೊಂಡ್ವಿ. ಅಪ್ಪ ನನ್ನ ತಲೆ ಮೇಲೆ ಟವೆಲ್ ಹಾಕಿ, ಗುಡುಗಿಗೆ ಹೆದರ್ಕೋಬೇಡ, ಬೆರಳು ಹಿಡ್ಕೋ ಅಂದ್ರು. ಅವತ್ತು ಅಪ್ಪ ಅತ್ರು, ಯಾಕೆ ಅಂತ ಗೊತ್ತಿಲ್ಲ. ನೀವು ರೆಡ್‌ವುಡ್ಸ್ ನೋಡಿದೀರಾ ಆಂಟಿ?"

ಸೌಟು ನನ್ನ ಕೈಯಲ್ಲೇ ನಿಂತಿತು. ಮಂಗಳಾ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದಳು, ಅಷ್ಟೆ.

"ಇಲ್ಲಮ್ಮ," ಎಂದೆ. "ನಾನು ನೋಡಿಲ್ಲ."

ಲೋಟ ತೊಳೆದು ತರುವ ನೆಪದಲ್ಲಿ ನಾನೂ ಮಂಗಳಾಳೂ ಅಡುಗೆಮನೆಗೆ ಬಂದೆವು. ಮಂಗಳಾ ನಲ್ಲಿ ಜೋರಾಗಿ ಬಿಟ್ಟಳು.

"ಯಾವಾಗ ಶುರುವಾಯ್ತೋ ಗೊತ್ತಿಲ್ಲ ರೀ. ಮೊದಲು ಯಾವುದೋ ಫ್ರೆಂಡ್ ಹತ್ರ ಹಾಗೆ ಹೇಳ್ತಿದ್ಲು, ಸುಳ್ಳು ಹೇಳ್ತಾಳೆ ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ಅವಳಿಗೆ ಅದು ಹಂಗೇ ಕಾಣುತ್ತೆ. ನಿಜವಾಗ್ಲೂ."

"ನೀವು ಹೇಳಲಿಲ್ವಾ?"

"ಏನಂತ ಹೇಳ್ಲಿ? ಅವರು ಕರ್ಕೊಂಡು ಹೋಗ್ತೀನಿ ಅಂದಿದ್ರು. ಕರ್ಕೊಂಡು ಹೋದ್ರು ಅಂತಾನೇ ಇರ್ಲಿ ಬಿಡಿ. ಅವರ ಜೊತೆ ಇದ್ದಿದ್ದು ಬೇರೆ ಏನೂ ಅವಳಿಗೆ ಜ್ಞಾಪಕ ಇಲ್ಲ." ಒಂದು ಲೋಟವನ್ನು ತೊಳೆದದ್ದನ್ನೇ ಮತ್ತೆ ತೊಳೆದಳು. "ಮೊದ್ಲು ನಂಗೆ ಸಂಕಟ ಆಗ್ತಿತ್ತು ರೀ. ಆ ಮರದೊಳಗೆ ನಾನು ಇಲ್ವಲ್ಲ ಅಂತ."

ನಾನು ಆ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ಒರೆಸಿಟ್ಟೆ. ಅಷ್ಟರಲ್ಲಿ ಹೊರಗೆ ಬಾಗಿಲು ತೆರೆದ ಸದ್ದಾಯಿತು, ನನ್ನವರ ಚಪ್ಪಲಿಯ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ನಿಧಿಯ ದನಿ: "ಅಂಕಲ್, ನೀವಾದ್ರೂ ರೆಡ್‌ವುಡ್ಸ್ ನೋಡಿದೀರಾ? ನಾನೂ ಅಪ್ಪಾನೂ ಹೋಗಿದ್ವಲ್ಲ..."

ನನ್ನವರಿಗೆ ಎಲ್ಲ ಗೊತ್ತಿತ್ತು. ಟೆಂಟನ್ನು ಜೆಟ್ಟಿಗೆ ಹೊತ್ತು ತಂದವರು, ಆ ಸಂಜೆಯದನ್ನೆಲ್ಲ ನನ್ನ ಬಾಯಿಂದ ಕೇಳಿದವರು. ಅವರ ಬಾಯಿಗೆ ಬಾಗಿಲಿಲ್ಲ. ಒದ್ದೆ ಕೈಯಲ್ಲೇ ಹಾಲ್‌ಗೆ ಓಡಿದೆ, ಹಿಂದೆ ಮಂಗಳಾ.

ಮೊಸರಿನ ಡಬ್ಬಿ ಮೇಜಿನ ಮೇಲಿತ್ತು. ನನ್ನವರು ನಿಧಿಯ ಎದುರು ಕೂತು, ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು, ಬಾಯಿ ತೆರೆದು ಕೇಳುತ್ತಿದ್ದರು. ನಿಧಿ ಮರದ ಸುತ್ತಳತೆ ತೋರಿಸಲು ಕೈ ಎರಡೂ ಚಾಚಿದ್ದಳು. ನಮ್ಮನ್ನು ಕಂಡರೂ ಅವರು ನಮ್ಮ ಕಡೆ ತಿರುಗಲಿಲ್ಲ.

"ಅಬ್ಬ, ಅಷ್ಟು ದೊಡ್ಡದಾ?" ಎಂದರು. "ನಿಮ್ಮಪ್ಪ ನಮಗೂ ಹೇಳ್ತಿದ್ರು. ನಾವು ನಂಬಿರಲಿಲ್ಲ ನೋಡು. ಆಮೇಲೆ ಏನಾಯ್ತು?"

ಮಂಗಳಾ ಹೋಗಿ ಮಗಳ ಪಕ್ಕದಲ್ಲಿ ಕೂತಳು. ನಾನೂ ಒಂದು ಕುರ್ಚಿ ಎಳೆದುಕೊಂಡೆ.